ಎರಡಕ್ಕೆ ಎರಡು, ಮೂರಕ್ಕೆ ಮೂರು, ಏಳಕ್ಕೆ ಐದು

ತಿಪಟೂರು ಅಂದರೆ ಕೊಬ್ಬರಿ ಎಂದು ನಾಡಿಗೆಲ್ಲ ಗೊತ್ತು. ಆ ಕೊಬ್ಬರಿಯ ಬೆನ್ನಿಗೆ ಲೇತ್ ಮೆಷಿನ್ ನಿಂತಿದೆ ಎಂಬುದು ನಮ್ಮ ಕಡೆಯವರಿಗಷ್ಟೇ ಗೊತ್ತು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಮೂರೂ ತಾಲ್ಲೂಕುಗಳಲ್ಲಿ ಕೆರೆ ನಂಬಿ ತೋಟ ಮಾಡುವ ಕಾಲ ಮುಗಿದ ಮೇಲೆ, ತೆಂಗಿನ ಜೀವ ಆರೂವರೆ ಇಂಚಿನ ಬೋರಿನೊಳಗೆ ಇಳಿಬಿಟ್ಟ ಪಂಪಿಗೆ ಬಂದು ನಿಂತಿತು. ಆ ಪಂಪಿನ ಶಾಫ್ಟು ತಿರುಗುವುದು ಗನ್‌ಮೆಟಲ್ ಬುಶ್‌ಗಳೊಳಗೆ. ಅಲ್ಲಿ ಗ್ರೀಸು ಎಣ್ಣೆ ಏನೂ ಇಲ್ಲ, ಮೇಲೇಳುವ ನೀರೇ ಎಣ್ಣೆಯ ಕೆಲಸವನ್ನೂ ಮಾಡಬೇಕು. ನೀರಿನ ಜತೆ ಮರಳು ಬಂದರೆ ಬುಶ್ ಸವೆಯುತ್ತದೆ. ಬುಶ್ ಸವೆದರೆ ಶಾಫ್ಟು ಅಲ್ಲಾಡುತ್ತದೆ, ಇಂಪೆಲ್ಲರ್ ಉಜ್ಜುತ್ತದೆ, ಪಂಪು ಜಾಮ್ ಆಗಿ ಕೊನೆಗೆ ಮೋಟರ್ ಸುಡುತ್ತದೆ. ಬೇಸಿಗೆಯಲ್ಲಿ ರೀವೈಂಡಿಂಗ್ ಅಂಗಡಿಗಳ ಮುಂದೆ ಎತ್ತಿ ತಂದ ಪಂಪುಗಳು ಸಾಲಾಗಿ ಮಲಗಿರುವುದನ್ನು ನೋಡಿದವರಿಗೆ ಇದೆಲ್ಲ ಹೇಳಬೇಕಾಗಿಲ್ಲ. ನೀರು ತಪ್ಪಿದರೆ ತೆಂಗಿನ ಹರಳು, ಅಂದರೆ ಎಳೆಗಾಯಿ, ಉದುರುತ್ತದೆ. ಆ ವರ್ಷ ಉದುರಿದ ಹರಳಿನ ನಷ್ಟ ಮುಂದಿನ ವರ್ಷದ ಕೊಬ್ಬರಿಯಲ್ಲಿ ಕಾಣುತ್ತದೆ. ಹಾಗಾಗಿ ಬುಶ್ ಬೇಕೆಂದು ಬಂದವರು ಯಾರೂ ನಾಳೆ ಬರುತ್ತೇನೆ ಎಂದು ಹೇಳಿ ಹೋಗುವವರಲ್ಲ.

ನನ್ನ ಸೋದರಮಾವ ಕೆ.ಬಿ. ಕ್ರಾಸಿನಿಂದ ತಿಪಟೂರಿಗೆ ಹೋಗುವ ಹೆದ್ದಾರಿಯ ಪಕ್ಕದಲ್ಲಿ ಲೇತ್ ವರ್ಕ್ಸ್ ಇಟ್ಟಿದ್ದರು. ಎರಡು ಹಳೆಯ ಲೇತು, ಒಂದು ಡ್ರಿಲ್ಲಿಂಗ್ ಮೆಷಿನ್, ಒಂದು ವೆಲ್ಡಿಂಗ್ ಸೆಟ್. ಶೆಡ್ಡಿನ ಮೇಲ್ಭಾಗ ಅಟ್ಟ, ಅಟ್ಟದ ತುಂಬ ಅವರದೇ ತೋಟದ ಕಾಯಿ. ಕೆಳಗೆ ಕಬ್ಬಿಣ ಕೊರೆಯುವ ಸದ್ದು, ಮೇಲೆ ಸದ್ದಿಲ್ಲದೆ ಕೊಬ್ಬರಿಯಾಗುತ್ತಿರುವ ಕಾಯಿ. ಆಗ ನಾನು ಬೆಂಗಳೂರಿನ ಪೀಣ್ಯದಲ್ಲಿ ಕಂಪ್ಯೂಟರು ನಡೆಸುವ ಲೇತುಗಳನ್ನು ಹೊಂದಿಸಿಕೊಡುವ ಸಿಎನ್‌ಸಿ ಸೆಟ್ಟರ್. ನಮ್ಮ ಕಡೆಯ ಹುಡುಗರಿಗೆ ಪೀಣ್ಯ ಹತ್ತಿರದ ಊರು. ತುಮಕೂರು ರಸ್ತೆಯಲ್ಲಿ ಬೆಂಗಳೂರು ಹೊಗುವ ಬಸ್ಸು ಮೆಜೆಸ್ಟಿಕ್ ಮುಟ್ಟುವ ಮೊದಲೇ ಜಾಲಹಳ್ಳಿ ಕ್ರಾಸಿನಲ್ಲಿ ಇಳಿದುಬಿಟ್ಟರೆ ಕೆಲಸ, ರೂಮು, ಊಟ ಎಲ್ಲ ಅಲ್ಲೇ. 1953ರಲ್ಲಿ ಎಚ್‌ಎಂಟಿ ಶುರುವಾದಾಗಿನಿಂದ, 1962ರಲ್ಲಿ ಅದೇ ತುಮಕೂರು ರಸ್ತೆಯಲ್ಲಿ ಯಂತ್ರೋಪಕರಣಗಳ ಸಂಶೋಧನಾ ಸಂಸ್ಥೆ ಸಿಎಂಟಿಐ ಬಂದಾಗಿನಿಂದ, ಆ ದಿಕ್ಕಿನಲ್ಲಿ ಲೋಹ ಕೊರೆಯುವ ವಿದ್ಯೆ ಒಂದು ಬೆಳೆಯ ಹಾಗೆ ಹಬ್ಬಿತು. ಊರಿನಲ್ಲಿ ಎಂಟನೇ ಕ್ಲಾಸು, ಹತ್ತನೇ ಕ್ಲಾಸು ಓದಿದ ಹುಡುಗರು ಅಲ್ಲಿ ನೂರರಲ್ಲಿ ಒಂದು ಮಿಲಿಮೀಟರಿನ ಲೆಕ್ಕ ಕಲಿತರು.

ಪೀಣ್ಯದ ಒಂದು ವರ್ಕ್‌ಶಾಪು ಹಳೆಯ ಜಪಾನಿ ಸಿಎನ್‌ಸಿ ಲೇತೊಂದನ್ನು ಮಾರುತ್ತದೆ ಎಂಬ ಸುದ್ದಿಯನ್ನು ಮಾವನಿಗೆ ಹೇಳಿದವನು ನಾನೇ. ಒಂದೇ ಅಳತೆಯ ಬುಶ್ಶನ್ನು ಬೇಸಿಗೆಗೆ ಮುಂಚೆ ರಾಶಿ ಮಾಡಿಟ್ಟುಕೊಂಡರೆ ಅರಸೀಕೆರೆಯಿಂದ ಹುಳಿಯಾರಿನವರೆಗಿನ ರೀವೈಂಡಿಂಗ್ ಅಂಗಡಿಗಳಿಗೆ ಕೊಡಬಹುದು ಎಂಬುದು ಮಾವನ ಲೆಕ್ಕ. ಆ ಲೆಕ್ಕ ಸರಿಯಾಗಿಯೇ ಇತ್ತು. 2000ದ ಆಸುಪಾಸಿನಲ್ಲಿ ಒಂದು ಸಂಜೆ ಲಾರಿ ನಿಟ್ಟೂರು, ಕೆ.ಬಿ. ಕ್ರಾಸ್ ದಾಟಿ ಬಂದು ನಿಂತಿತು. ಚೈನ್ ಪುಲ್ಲಿ ಕಟ್ಟಿ, ತೆಂಗಿನ ತೊಲೆಗಳನ್ನು ಇಳಿಜಾರಾಗಿ ಇಟ್ಟು, ಅದರ ಮೇಲೆ ಜಾರಿಸಿ ಮೆಷಿನ್ನನ್ನು ಒಳಗೆ ತಂದೆವು. ಮೆಷಿನ್ನನ್ನು ನಡೆಸುವುದು ಎಂಬತ್ತರ ದಶಕದ ಮೊದಲ ಭಾಗದ, ಫ್ಯಾನುಕ್ ಕಂಪನಿಯ ಕಂಟ್ರೋಲು. ನಮ್ಮ 415 ವೋಲ್ಟನ್ನು ಜಪಾನಿನ 200 ವೋಲ್ಟಿಗೆ ಇಳಿಸುವ ಟ್ರಾನ್ಸ್‌ಫಾರ್ಮರೂ ಜತೆಯಲ್ಲೇ ಬಂತು. ಕಂಟ್ರೋಲಿನ ಬಾಗಿಲಿನಲ್ಲಿ ಟೇಪ್ ರೀಡರ್ ಇತ್ತು. ಒಂದು ಬಿಸ್ಕತ್ತಿನ ಡಬ್ಬದಲ್ಲಿ ಸುತ್ತಿಟ್ಟ ಕಾಗದದ ಟೇಪುಗಳೂ ಬಂದವು.

ಮಾವ ಒಂದು ಸುರುಳಿ ಬಿಚ್ಚಿ ಬಾಗಿಲ ಬೆಳಕಿಗೆ ಹಿಡಿದು ಕೇಳಿದರು: "ಅಲ್ಲ ಕಣೋ ಅಳಿಯ, ಬರೀ ತೂತವೆ. ಇದ್ರಲ್ಲಿ ಏನ್ ಬರ್ದವ್ರೆ?"

ಅವರಿಗೆ ಅದನ್ನು ಓದಿ ತೋರಿಸಿದ್ದು ನನಗೆ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ಟೇಪಿನ ಅಗಲ ಒಂದು ಇಂಚು. ಅಗಲಕ್ಕೆ ಎಂಟು ತೂತಿನ ಜಾಗ. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಉದ್ದಕ್ಕೂ ಸಾಗುವ ಸಣ್ಣ ತೂತುಗಳು, ಅವು ಟೇಪನ್ನು ಎಳೆಯಲಿಕ್ಕೆ. ಒಂದು ಇಂಚು ಉದ್ದಕ್ಕೆ ಹತ್ತು ಅಡ್ಡಸಾಲು, ಒಂದೊಂದು ಅಡ್ಡಸಾಲೂ ಒಂದೊಂದು ಅಕ್ಷರ. ಲೇತಿಗೆ ಮುಖ್ಯವಾದ ಅಕ್ಷರ ಎರಡು: ಟೂಲು ಜಾಬಿನ, ಅಂದರೆ ಕೊರೆಯುವ ಲೋಹದ, ವ್ಯಾಸದ ದಿಕ್ಕಿನಲ್ಲಿ ಹೋಗಲು ಎಕ್ಸ್, ಉದ್ದದ ದಿಕ್ಕಿನಲ್ಲಿ ಹೋಗಲು ಝಡ್. ಐಎಸ್‌ಒ ಸಂಕೇತದಲ್ಲಿ ಝಡ್‌ಗೆ ನಾಲ್ಕು ತೂತು. ಎಕ್ಸ್‌ಗೆ ಇರಬೇಕಾದದ್ದು ಮೂರೇ. ಆದರೆ ಟೇಪಿನಲ್ಲಿ ಎಕ್ಸ್‌ಗೂ ನಾಲ್ಕು ತೂತು ಕಾಣುತ್ತದೆ, ಯಾಕೆಂದರೆ ಎಂಟನೇ ಜಾಗದಲ್ಲಿ ಒಂದು ಹೆಚ್ಚಿನ ತೂತು ಹೊಡೆದಿರುತ್ತಾರೆ. ಯಾವ ಅಡ್ಡಸಾಲು ತೆಗೆದುಕೊಂಡರೂ ತೂತುಗಳ ಸಂಖ್ಯೆ ಸಮ ಇರಲೇಬೇಕು. ಒಂದು ತೂತು ಎಣ್ಣೆ ಕುಡಿದು ಮುಚ್ಚಿದರೆ, ಅಥವಾ ಕಾಗದ ಹರಿದು ಒಂದು ಹೆಚ್ಚಾದರೆ, ಲೆಕ್ಕ ಬೆಸವಾಗುತ್ತದೆ, ಮೆಷಿನ್ ಅಲ್ಲೇ ನಿಲ್ಲುತ್ತದೆ. ತೋಟದಲ್ಲಿ ಕಾಯಿ ಎಣಿಸುವಾಗ ನೂರಕ್ಕೊಂದು ಕಾಯನ್ನು ಪಕ್ಕಕ್ಕೆ ಇಟ್ಟುಕೊಳ್ಳುತ್ತಾರಲ್ಲ, ಎಂಟನೇ ಜಾಗದ ತೂತೂ ಹಾಗೆ ಲೆಕ್ಕಕ್ಕೆ ಇಟ್ಟದ್ದು ಎಂದೆ. ಮಾವ ತಲೆಯಾಡಿಸಿ ಇನ್ನೊಂದು ಸಾಲಿನ ತೂತನ್ನು ಬೆರಳಿಟ್ಟು ತಾವೇ ಎಣಿಸಿದರು.

ಇಷ್ಟೇ ಆಗಿದ್ದರೆ ಸುಲಭ. ಆ ಕಾಲದ ಕಂಟ್ರೋಲುಗಳಿಗೆ ಇನ್ನೊಂದು ತಪಾಸಣೆಯೂ ಇತ್ತು: ಒಂದು ಬ್ಲಾಕಿನಲ್ಲಿ, ಅಂದರೆ ಪ್ರೋಗ್ರಾಮಿನ ಒಂದು ಸಾಲಿನಲ್ಲಿ, ಇರುವ ಒಟ್ಟು ಅಕ್ಷರಗಳೂ ಸಮಸಂಖ್ಯೆಯಲ್ಲಿರಬೇಕು. ಬೆಸವಾದರೆ ಟೇಪ್ ಹೊಡೆಯುವವನು ಒಂದು ಖಾಲಿ ಜಾಗ ಸೇರಿಸಿ ಸರಿಮಾಡುತ್ತಿದ್ದ. ಅಡ್ಡಕ್ಕೊಂದು ಲೆಕ್ಕ, ಉದ್ದಕ್ಕೊಂದು ಲೆಕ್ಕ. ಅಮೆರಿಕದ ಹಳೆಯ ಇಐಎ ಸಂಕೇತದ ಟೇಪಾದರೆ ಎಲ್ಲ ತಿರುಗುಮುರುಗು, ಅಲ್ಲಿ ಪ್ರತಿ ಸಾಲಿನ ತೂತೂ ಬೆಸ, ಲೆಕ್ಕದ ತೂತು ಐದನೇ ಜಾಗದಲ್ಲಿ. ಕೈಗೆ ಸಿಕ್ಕ ಟೇಪು ಯಾವ ಜಾತಿಯದು ಎಂದು ನಾವು ಪೀಣ್ಯದಲ್ಲಿ ಕಂಡುಹಿಡಿಯುತ್ತಿದ್ದದ್ದು ಹೀಗೆ, ಒಂದೆರಡು ಸಾಲು ಎಣಿಸಿ.

ಕಂಟ್ರೋಲಿನ ಮೆಮೊರಿಯನ್ನೂ ಅಳೆಯುತ್ತಿದ್ದದ್ದು ಟೇಪಿನ ಉದ್ದದಲ್ಲೇ. 10 ಮೀಟರ್, 20 ಮೀಟರ್, 40 ಮೀಟರ್, 80 ಮೀಟರ್. ಒಂದು ಮೀಟರಿನಲ್ಲಿ ಸುಮಾರು 394 ಅಕ್ಷರ ಹಿಡಿಯುತ್ತವೆ. ಅಂದರೆ 20 ಮೀಟರಿನ ಮೆಮೊರಿ ಎಂಟು ಸಾವಿರ ಅಕ್ಷರಕ್ಕೂ ಸ್ವಲ್ಪ ಕಡಿಮೆ. ಈಗ ಮೊಬೈಲಿನಲ್ಲಿ ತೆಗೆದ ಒಂದು ಫೋಟೊ ಅದಕ್ಕಿಂತ ನೂರಾರು ಪಟ್ಟು ದೊಡ್ಡದು. ಆದರೆ ಬುಶ್ ಮಾಡಲು ಅಷ್ಟು ಜಾಗ ಧಾರಾಳ. ಒಳ್ಳೆಯ ಬುಶ್ ಪ್ರೋಗ್ರಾಮು ಒಂದೆರಡು ಮೀಟರಿನಲ್ಲಿ ಮುಗಿಯುತ್ತದೆ.

ತೂತು ಹೊಡೆದು ಯಂತ್ರಕ್ಕೆ ಹೇಳುವ ವಿದ್ಯೆ ಕಾರ್ಖಾನೆಯವರು ಹುಟ್ಟಿಸಿದ್ದಲ್ಲ. 1804ರಲ್ಲಿ ಫ್ರಾನ್ಸಿನ ಜಕಾರ್ಡ್ ರಟ್ಟಿನ ತೂತಿನಿಂದ ರೇಷ್ಮೆ ಬಟ್ಟೆಗೆ ಹೂವು ಎಬ್ಬಿಸಿದ. ದೊಡ್ಡಬಳ್ಳಾಪುರದ ಮಗ್ಗಗಳ ನೆತ್ತಿಯ ಮೇಲೆ ಅವನದೇ ಹೆಸರಿನ ಪೆಟ್ಟಿಗೆ ನೋಡಬಹುದು. ಆಮೇಲೆ ತಂತಿ ಇಲಾಖೆಯವರು, ಟೆಲಿಪ್ರಿಂಟರಿನವರು ಅದನ್ನು ಕಾಗದದ ಪಟ್ಟಿಗೆ ತಂದರು. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ತೂತಿನ ಟೇಪು ಓದಿ ಲೋಹ ಕೊರೆಯುವ ಮಿಲ್ಲಿಂಗ್ ಮೆಷಿನ್ ಓಡಿಸಿ ತೋರಿಸಿದರು. ಕಾಗದ ಬಂದದ್ದು ಅದು ಅಗ್ಗ, ಎಲ್ಲರ ಬಳಿಯೂ ಇತ್ತು, ಕಣ್ಣಿಗೆ ಕಾಣುತ್ತಿತ್ತು ಎಂಬ ಕಾರಣಕ್ಕೆ. ಕಣ್ಣಿಗೆ ಕಾಣುತ್ತಿತ್ತು ಎಂಬುದು ಸಣ್ಣ ಮಾತಲ್ಲ. ಕೆಟ್ಟದ್ದು ಎಲ್ಲಿ ಎಂದು ಹುಡುಕಲು ಬೆಳಕು ಮತ್ತು ಕಣ್ಣು ಸಾಕಿತ್ತು.

ಶೆಡ್ಡಿನಲ್ಲಿ ಟೇಪು ಬಹಳ ದಿನ ಬಾಳಲಿಲ್ಲ. ಕೊಬ್ಬರಿ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ. ಅಟ್ಟದಿಂದ ಇಳಿದು ಬಂದ ಇಲಿಗಳು ಹೊರಗೆ ಬಿಟ್ಟಿದ್ದ ಸುರುಳಿಗಳನ್ನು ಕಡಿದವು. ಡಬ್ಬದಲ್ಲಿ ಉಳಿದವು ಕೂಲಂಟಿನ ಹಬೆಗೆ ಮೆತ್ತಗಾದವು. ಮಳೆಗಾಲದ ತೇವಕ್ಕೆ ಅಂಚು ಸುರುಟಿಕೊಂಡು ರೀಡರಿನ ದಾರಿಯಲ್ಲಿ ಸಿಕ್ಕಿಕೊಳ್ಳತೊಡಗಿದವು. ರೀಡರಿನ ಕಥೆಯೂ ಅಷ್ಟೆ. ಅದರಲ್ಲಿ ಟೇಪಿನ ಒಂದು ಬದಿಯಿಂದ ಬೆಳಕು, ಇನ್ನೊಂದು ಬದಿಯಲ್ಲಿ ತೂತಿನಿಂದ ಬಂದ ಬೆಳಕನ್ನು ಹಿಡಿಯುವ ಒಂಬತ್ತು ಸಣ್ಣ ಕಣ್ಣು. ಅಕ್ಷರದ ತೂತುಗಳಿಗೆ ಎಂಟು, ಎಳೆಯುವ ತೂತಿಗೆ ಒಂದು. ಎಣ್ಣೆಯ ಮಂಜು ಆ ಕಣ್ಣುಗಳ ಮೇಲೆ ಕೂತಿತು. ಬಟ್ಟೆಯಲ್ಲಿ ಒರೆಸಿದರೆ ಒಂದು ವಾರ ಓದುತ್ತಿತ್ತು, ಆಮೇಲೆ ಮತ್ತೆ 001 ಅಲಾರಂ, ತೂತಿನ ಲೆಕ್ಕ ತಪ್ಪಿದೆ ಅಂತ. ಪೀಣ್ಯದಲ್ಲಿ ಟೇಪು ಹೊಡೆದುಕೊಡುವ ಜಾಗಗಳೂ ಒಂದೊಂದಾಗಿ ಆ ಕೆಲಸ ಬಿಟ್ಟವು. ಹೊಸ ಅಳತೆಯ ಬುಶ್ಶಿಗೆ ಹೊಸ ಟೇಪು ಎಲ್ಲಿಂದ ತರುವುದು?

ಟೇಪು ಇಲ್ಲದಿದ್ದರೆ ಪ್ರೋಗ್ರಾಮನ್ನು ಕಂಟ್ರೋಲಿನ ಕೀಲಿಮಣೆಯಲ್ಲೇ ಒತ್ತಿ ತುಂಬಬಹುದು. ಮಾವನ ಹತ್ತಿರ ಹೊನ್ನವಳ್ಳಿ ಕಡೆಯ ಹುಡುಗನೊಬ್ಬ ಕೆಲಸಕ್ಕಿದ್ದ. ಕನ್ನಡ ಮೀಡಿಯಂನಲ್ಲಿ ಹತ್ತನೇ ಕ್ಲಾಸು ಮುಗಿಸಿ ಬಂದವನು. ಅವನು ಬಹಳ ಕಾಲ ಹಾಗೆ ಒತ್ತಿಯೇ ಕೆಲಸ ನಡೆಸಿದ. ಎರಡು ಗೆರೆ ನೋಟ್‌ಬುಕ್ಕಿನಲ್ಲಿ ಒಂದೊಂದು ಪುಟಕ್ಕೆ ಒಂದೊಂದು ಬುಶ್ಶು: ಮೇಲೆ ಕನ್ನಡದಲ್ಲಿ ಅಂಗಡಿಯ ಹೆಸರು, ಊರು, ಕೆಳಗೆ ಇಂಗ್ಲಿಷ್ ದೊಡ್ಡಕ್ಷರದಲ್ಲಿ ಸಾಲು ಸಾಲು ಪ್ರೋಗ್ರಾಮು. ಪುಟ ನೋಡಿ ಒಂದೊಂದೇ ಕೀಲಿ ಒತ್ತುವುದು. ಅಂಕಿಯ ಮಧ್ಯೆ ಇಡುವ ಚುಕ್ಕಿಯ ಮೇಲೆ ಅವನಿಗೆ ಭಯಭಕ್ತಿ. ಚುಕ್ಕಿ ಇಟ್ಟು 50 ಎಂದರೆ ಐವತ್ತು ಮಿಲಿಮೀಟರ್, ಚುಕ್ಕಿ ಬಿಟ್ಟು 50 ಎಂದರೆ ಆ ಕಂಟ್ರೋಲಿಗೆ ಅದು 50 ಮೈಕ್ರಾನ್, ಕೂದಲಿನ ದಪ್ಪ. ಪ್ರತಿ ಸಾಲು ಒತ್ತಿದ ಮೇಲೆ ಅವನು ಪರದೆಯ ಮೇಲೆ ಬೆರಳಿಟ್ಟು ಚುಕ್ಕಿಗಳನ್ನು ಒಂದೊಂದಾಗಿ ಓದುತ್ತಿದ್ದ. ಅಷ್ಟು ಶ್ರದ್ಧೆಯಿಂದ ಕೆಲಸ ಮಾಡಿದವರನ್ನು ನಾನು ಪೀಣ್ಯದ ದೊಡ್ಡ ಫ್ಯಾಕ್ಟರಿಗಳಲ್ಲೂ ಹೆಚ್ಚು ನೋಡಿಲ್ಲ.

ಆದರೆ 2001ರಿಂದ ಮೂರು ವರ್ಷ ರಾಜ್ಯಕ್ಕೆ ಸತತ ಬರ. ಬೋರುಗಳ ನೀರು ಕೆಳಗೆ ಹೋದಂತೆ ಪಂಪು ಕೆಳಗೆ ಇಳಿಯಿತು, ಮರಳು ಹೆಚ್ಚಾಯಿತು, ಬುಶ್ಶಿನ ಅಳತೆಗಳೂ ಹೆಚ್ಚಾದವು. ಬೇರೆ ಬೇರೆ ಕಂಪನಿಯ ಪಂಪು, ಒಂದೊಂದಕ್ಕೂ ಒಂದೊಂದು ಬುಶ್ಶು. ಮೆಮೊರಿ ತುಂಬಿದಾಗ ಹಳೆಯದನ್ನು ಅಳಿಸಿ ಹೊಸದನ್ನು ಒತ್ತಬೇಕು, ಹಳೆಯ ಗಿರಾಕಿ ಬಂದಾಗ ಅದನ್ನು ಮತ್ತೆ ಒತ್ತಬೇಕು. ತ್ರೀ ಫೇಸ್ ಕರೆಂಟು ಬರುವುದೇ ದಿನಕ್ಕೆ ಇಷ್ಟು ಗಂಟೆ ಎಂದು ಇದ್ದ ಕಾಲ ಅದು. ಬಂದ ಕರೆಂಟಿನಲ್ಲಿ ಲೋಹ ಕೊರೆಯುವ ಬದಲು ಕೀಲಿ ಒತ್ತುತ್ತ ಕೂರುವುದು ಯಾರಿಗೆ ತಾನೆ ಸಹನೆ? ರೀವೈಂಡಿಂಗ್ ಅಂಗಡಿಯವರು ಬಾಗಿಲಲ್ಲೇ ನಿಂತಿರುತ್ತಿದ್ದರು.

ಈ ಬಿಕ್ಕಟ್ಟು ಬಿಡಿಸಿದವರು ಪೀಣ್ಯದಲ್ಲಿ ನನಗೆ ಕೆಲಸ ಕಲಿಸಿದ ಒಬ್ಬ ಹಿರಿಯ ಮೇಂಟೆನೆನ್ಸ್ ಯಜಮಾನರು. ಆಗಲೇ ನಿವೃತ್ತರಾಗಿದ್ದರು. ನಾನು ಹೋಗಿ ಕಷ್ಟ ಹೇಳಿಕೊಂಡಾಗ ಅವರು ಕೇಳಿದ ಮೊದಲ ಪ್ರಶ್ನೆ, "ಕಂಟ್ರೋಲಿನ ಪಕ್ಕದಲ್ಲಿ 25 ಪಿನ್ನಿನ ಸಾಕೆಟ್ ಐತಾ?" ಇತ್ತು. ರಬ್ಬರ್ ಮುಚ್ಚಳ ಹಾಕಿಕೊಂಡು ಅಷ್ಟು ವರ್ಷ ಸುಮ್ಮನೆ ಇತ್ತು. ಅದು ಆರ್‌ಎಸ್-232 ಬಾಗಿಲು, ಟೇಪು ಹೊಡೆಯುವ ಓದುವ ಹೊರಗಿನ ಮೆಷಿನ್ನುಗಳನ್ನು ಸಿಕ್ಕಿಸಲೆಂದು ಇಟ್ಟದ್ದು. ಅಲ್ಲಿ ಒಂದು ಕಂಪ್ಯೂಟರನ್ನು ಸಿಕ್ಕಿಸಿದರೆ ಕಂಟ್ರೋಲಿಗೆ ಅದೂ ಒಂದು ಟೇಪ್ ರೀಡರೇ. ಬರುತ್ತಿರುವುದು ಕಾಗದದಿಂದಲೋ ತಂತಿಯಿಂದಲೋ ಅದು ವಿಚಾರಿಸುವುದಿಲ್ಲ. ತೂತಿನ ಲೆಕ್ಕ ಸರಿಯಿದ್ದರೆ ತೆಗೆದುಕೊಳ್ಳುತ್ತದೆ.

ಯಜಮಾನರು ತಮ್ಮ ಹಳೆಯ ಡೈರಿ ತೆಗೆದು ಹೇಳಿದರು: "ಬರ್ಕೊಳಪ್ಪ. ಎರಡಕ್ಕೆ ಎರಡು, ಮೂರಕ್ಕೆ ಮೂರು, ಏಳಕ್ಕೆ ಐದು. ಮೆಷಿನ್ ಕಡೆ ನಾಲ್ಕು ಐದು ಕೂಡಿಸು, ಆರು ಎಂಟು ಇಪ್ಪತ್ತು ಕೂಡಿಸು. ಇಪ್ಪತ್ತೈದನೇ ಪಿನ್ನು ಮುಟ್ಟಬೇಡ."

ಇದರ ಅರ್ಥ ಹೇಳಬೇಕು, ಯಾಕೆಂದರೆ ಇಡೀ ವಿದ್ಯೆ ಇದರಲ್ಲೇ ಇದೆ. ಕಂಟ್ರೋಲಿನ 25 ಪಿನ್ನಿನ ಸಾಕೆಟ್ಟಿನಲ್ಲಿ ಎರಡನೆಯದು ಮಾತಾಡುವ ಪಿನ್ನು, ಮೂರನೆಯದು ಕೇಳುವ ಪಿನ್ನು. ಕಂಪ್ಯೂಟರಿನ 9 ಪಿನ್ನಿನ ಸಾಕೆಟ್ಟಿನಲ್ಲಿ ಎರಡನೆಯದು ಕೇಳುವುದು, ಮೂರನೆಯದು ಮಾತಾಡುವುದು. ಹಾಗಾಗಿ ನಂಬರಿಗೆ ನಂಬರು ನೇರವಾಗಿ ಸೇರಿಸಿದರೆ ಒಬ್ಬರ ಮಾತು ಇನ್ನೊಬ್ಬರ ಕಿವಿಗೆ ಹೋಗುತ್ತದೆ. ಏಳು ಮತ್ತು ಐದು ಎರಡೂ ಕಡೆಯ ಗ್ರೌಂಡು. ನಾಲ್ಕು ಐದನ್ನು ಕೂಡಿಸುವುದು, "ಕಳಿಸಲೇ?" ಎಂದು ಕಂಟ್ರೋಲು ಕೇಳುವ ಪ್ರಶ್ನೆಗೆ "ಕಳಿಸು" ಎಂಬ ಉತ್ತರ ಅದಕ್ಕೇ ವಾಪಸು ಸಿಗಲಿ ಎಂದು. ಆರು, ಎಂಟು, ಇಪ್ಪತ್ತನ್ನು ಕೂಡಿಸುವುದು ಆಚೆ ಕಡೆ ಯಂತ್ರ ಸಿದ್ಧವಾಗಿದೆ ಎಂದು ಅದಕ್ಕೆ ತಿಳಿಯಲಿ ಎಂದು. ಅದಿಲ್ಲದಿದ್ದರೆ 086 ಅಲಾರಂ. ಇಪ್ಪತ್ತೈದನೇ ಪಿನ್ನಿನಲ್ಲಿ ಫ್ಯಾನುಕ್‌ನವರು 24 ವೋಲ್ಟ್ ಕೊಟ್ಟಿರುತ್ತಾರೆ, ತಮ್ಮದೇ ಟೇಪ್ ಸಾಧನಗಳಿಗೆ ವಿದ್ಯುತ್ ಅಲ್ಲಿಂದಲೇ ಹೋಗಲಿ ಎಂದು. ಅಂಗಡಿಯಲ್ಲಿ ಸಿಗುವ, ಇಪ್ಪತ್ತೈದೂ ತಂತಿ ನೇರ ಇರುವ ರೆಡಿಮೇಡ್ ಕೇಬಲ್ ಸಿಕ್ಕಿಸಿದರೆ ಆ 24 ವೋಲ್ಟು ಹೋಗಬಾರದ ಕಡೆ ಹೋಗುತ್ತದೆ. ಅದಕ್ಕೇ ಕೇಬಲನ್ನು ನಾವೇ ಬೆಸುಗೆ ಹಾಕಿ ಮಾಡಬೇಕು.

ಬೆಂಗಳೂರಿನ ಎಸ್‌.ಪಿ. ರೋಡಿನಲ್ಲಿ ಕನೆಕ್ಟರು, ಜಾಲರಿ ಸುತ್ತಿದ ಕೇಬಲು, ಸುಟ್ಟರೆ ಇರಲಿ ಎಂದು 1488, 1489 ಎಂಬ ಎರಡು ಚಿಪ್ಪು ತಂದೆ. ತಂತಿಯಲ್ಲಿ ಸಿಗ್ನಲನ್ನು ಕಳಿಸುವ, ಹಿಡಿಯುವ ಚಿಪ್ಪುಗಳು ಅವೇ. ಅರ್ತಿಂಗ್ ಸರಿಯಿಲ್ಲದ ಕಡೆ ಮೊದಲು ಹೋಗುವುದೂ ಅವೇ. ಆದ್ದರಿಂದ ಕೇಬಲಿಗೆ ಮೊದಲು ಮಾವ ಅರ್ತ್ ಗುಂಡಿ ಹೊಸದಾಗಿ ತೋಡಿಸಿದರು. ಉಪ್ಪು, ಇದ್ದಿಲು, ನೀರು. ನಮ್ಮ ಕಡೆ ತೆಂಗಿನ ಚಿಪ್ಪಿನ ಇದ್ದಿಲಿಗೆ ಯಾವ ಕೊರತೆಯೂ ಇಲ್ಲ, ಗುಂಡಿ ತುಂಬ ಅದನ್ನೇ ಸುರಿದೆವು. ಕಂಪ್ಯೂಟರಿಗೂ ಮೆಷಿನ್ನಿಗೂ ಒಂದೇ ಅರ್ತ್ ಕೊಟ್ಟೆವು. ಕೇಬಲು ಹದಿನೈದು ಮೀಟರಿಗಿಂತ ಉದ್ದ ಬೇಡ, ವೆಲ್ಡಿಂಗ್ ಸೆಟ್ಟಿನ ತಂತಿಯ ಪಕ್ಕ ಹಾಯಬಾರದು. ವೆಲ್ಡಿಂಗ್ ಹಚ್ಚಿದಾಗ ಪ್ರೋಗ್ರಾಮ್ ಕಳಿಸಲೂ ಬಾರದು. ಇದನ್ನು ಹುಡುಗ ಶೆಡ್ಡಿನ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿಟ್ಟ.

ಸೆಕೆಂಡ್ ಹ್ಯಾಂಡ್ ಕಂಪ್ಯೂಟರ್ ತಂದು ವಿಂಡೋಸ್‌ನ ಹೈಪರ್‌ಟರ್ಮಿನಲ್ ತೆರೆದೆವು. ವೇಗ 4800, ಏಳು ಬಿಟ್, ಸಮ ಪ್ಯಾರಿಟಿ, ಎರಡು ಸ್ಟಾಪ್ ಬಿಟ್, ಕಳಿಸು, ನಿಲ್ಲಿಸು ಎನ್ನಲು ಎಕ್ಸಾನ್ ಎಕ್ಸಾಫ್. ಸಮ, ಬೆಸ ಎಂದರೆ ಹುಡುಗನಿಗೆ ಶಾಲೆಯ ಲೆಕ್ಕ ನೆನಪಾಯಿತು, ವಿವರಿಸುವ ಕೆಲಸವೇ ಬೀಳಲಿಲ್ಲ. ಏಳು ತೂತು ಅಕ್ಷರಕ್ಕೆ, ಎಂಟನೆಯದು ಲೆಕ್ಕಕ್ಕೆ ಎಂಬ ಟೇಪಿನ ನಿಯಮವೇ ತಂತಿಯಲ್ಲೂ ಹರಿಯುತ್ತದೆ. ಫೈಲಿನ ಮೊದಲಲ್ಲೂ ಕೊನೆಯಲ್ಲೂ ಪರ್ಸೆಂಟ್ ಚಿಹ್ನೆ ಇರಬೇಕು. ಟೇಪಿನ ಶುರುವೂ ಕೊನೆಯೂ ಕಂಟ್ರೋಲಿಗೆ ತಿಳಿಯುತ್ತಿದ್ದದ್ದು ಆ ಚಿಹ್ನೆಯಿಂದಲೇ. ಸೆಟ್ಟಿಂಗ್ ಪುಟದಲ್ಲಿ ಬ್ಲಾಕಿನ ಸಮಸಂಖ್ಯೆಯ ತಪಾಸಣೆ ನಿಲ್ಲಿಸಿದೆವು. ಅಕ್ಷರ ಎಣಿಸಿ ಖಾಲಿ ಜಾಗ ಸೇರಿಸುವವರು ಈಗ ಯಾರೂ ಇಲ್ಲವಲ್ಲ.

ಕಂಟ್ರೋಲಿನಲ್ಲಿ ಇನ್‌ಪುಟ್ ಒತ್ತಿದಾಗ ಪರದೆಯ ಮೂಲೆಯಲ್ಲಿ ಎಲ್‌ಎಸ್‌ಕೆ ಎಂದು ಮಿನುಗತೊಡಗಿತು. ಮೊದಲ ಸಾಲು ಮುಗಿಯುವ ತನಕ ಬರುವ ಯಾವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳದೆ ಕಾಯುತ್ತಿದ್ದೇನೆ ಎಂದು ಅದರ ಅರ್ಥ. ಟೇಪಿನ ಮೂತಿಯಲ್ಲಿ ಹೆಸರು ಬರೆದುಕೊಳ್ಳಲು ಬಿಟ್ಟ ಜಾಗವನ್ನು ದಾಟಿ ಹೋಗಲೆಂದು ಮಾಡಿದ ವ್ಯವಸ್ಥೆ ಅದು. ಕಂಪ್ಯೂಟರಿನಿಂದ ಕಳಿಸಿದೆವು. ಸಣ್ಣ ಪ್ರೋಗ್ರಾಮುಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಒಳಗೆ ಹೋದವು. ದೊಡ್ಡದು ಮಾತ್ರ ನಡುವೆ ನಿಲ್ಲುತ್ತಿತ್ತು: 087 ಅಲಾರಂ. ವೇಗ ಸರಿ, ತಂತಿ ಸರಿ, ಆದರೂ 087.

ಎಸ್‌ಟಿಡಿ ಬೂತಿನಿಂದ ಯಜಮಾನರಿಗೆ ಫೋನು ಮಾಡಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಅದು ಸಾಕು ಅಂತೈತೆ, ಇದು ಕೇಳ್ತಿಲ್ಲ ಕಣಪ್ಪ."

ಆ ಒಂದು ಮಾತಿನಲ್ಲಿ ಅವರ ಇಡೀ ಆಯುಷ್ಯದ ಅನುಭವ ಇತ್ತು. ಕಂಟ್ರೋಲಿನ ತಾತ್ಕಾಲಿಕ ಜಾಗ ತುಂಬಿದಾಗ ಅದು "ನಿಲ್ಲಿಸು" ಎಂಬ ಒಂದು ಅಕ್ಷರ ಕಳಿಸುತ್ತದೆ. ಕಳಿಸಿದ ಮೇಲೂ ಹತ್ತು ಅಕ್ಷರದ ತನಕ ಸಹಿಸಿಕೊಳ್ಳುತ್ತದೆ. ಟೇಪ್ ರೀಡರ್ ಬ್ರೇಕು ಹಾಕಿ ನಿಲ್ಲುವಷ್ಟರಲ್ಲಿ ಟೇಪಿನ ಒಂದೆರಡು ಅಡ್ಡಸಾಲು ಮುಂದೆ ಹೋಗಬಹುದು ಎಂದು ಬಿಟ್ಟ ವಿನಾಯಿತಿ ಅಷ್ಟು. ಆದರೆ ಆ ಕಾಲದ ಕಂಪ್ಯೂಟರಿನ ಪೋರ್ಟಿನಲ್ಲಿದ್ದ 16550 ಎಂಬ ಚಿಪ್ಪು ಒಮ್ಮೆಗೆ ಹದಿನಾರು ಅಕ್ಷರ ತುಂಬಿಕೊಂಡು ಇಟ್ಟುಕೊಳ್ಳುತ್ತದೆ. ಕಂಪ್ಯೂಟರು ನಿಲ್ಲಿಸಿದರೂ ಚಿಪ್ಪಿನಲ್ಲಿದ್ದದ್ದು ಹೊರಗೆ ಬಂದೇ ಬರುತ್ತದೆ. ಹತ್ತಕ್ಕೆ ಹದಿನಾರು ಹೇಗೆ ಹಿಡಿಸುತ್ತದೆ? ಪೋರ್ಟಿನ ಸೆಟ್ಟಿಂಗಿಗೆ ಹೋಗಿ ಫಿಫೊ ಬಫರ್ ಎಂಬ ಗುರುತನ್ನು ತೆಗೆದೆವು. ಆ ಸಂಜೆ ಎಲ್ಲಕ್ಕಿಂತ ಉದ್ದದ ಪ್ರೋಗ್ರಾಮು ಎಲ್ಲೂ ನಿಲ್ಲದೆ ಹೋಯಿತು. ಒಂದು ಅಕ್ಷರಕ್ಕೆ ಹನ್ನೊಂದು ಬಿಟ್ಟಿನ ಲೆಕ್ಕದಲ್ಲಿ 4800 ಅಂದರೆ ಸೆಕೆಂಡಿಗೆ ನಾನೂರಕ್ಕೂ ಹೆಚ್ಚು ಅಕ್ಷರ. ಹುಡುಗ ಬೆರಳು ನೋಯಿಸಿಕೊಂಡು ಒತ್ತುತ್ತಿದ್ದ ಒಂದು ಪುಟ ಎರಡು ಸೆಕೆಂಡಿನ ಮಾತಾಯಿತು.

ಮಾವ ಆ ರಾತ್ರಿಯೇ ಹುಡುಗನ ನೋಟ್‌ಬುಕ್ಕನ್ನು ಕಂಪ್ಯೂಟರಿಗೆ ಏರಿಸಲು ಹೇಳಿದರು. "ಇಲಿ ಕಡಿಯೋಕ್ ಮುಂಚೆ ಹಾಕ್ಬಿಡ್ರಪ್ಪ," ಎಂದರು. ಏರಿಸಿದ ಮೇಲೆ ಎರಡು ಫ್ಲಾಪಿಗೆ ಕಾಪಿ ಮಾಡಿ ಒಂದನ್ನು ಮನೆಯ ಬೀರುವಿನಲ್ಲಿ ಇಟ್ಟರು. ನೋಟ್‌ಬುಕ್ಕನ್ನೂ ಎಸೆಯಲಿಲ್ಲ. ಪ್ರೋಗ್ರಾಮಿನ ಶುರುವಿನಲ್ಲಿ ಆವರಣ ಚಿಹ್ನೆಯೊಳಗೆ ಟಿಪ್ಪಣಿ ಬರೆಯಬಹುದು, ಮೆಷಿನ್ ಅದನ್ನು ಓದಿ ಬಿಟ್ಟುಬಿಡುತ್ತದೆ. ಹುಡುಗ ಅಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ದಂಡಿನಶಿವರ, ಶೆಟ್ಟಿಕೆರೆ, ನೊಣವಿನಕೆರೆ ಎಂದು ಊರುಗಳ ಹೆಸರು ಹಾಕುತ್ತ ಹೋದ. ಜಪಾನಿನ ಪರದೆಯ ಮೇಲೆ ಹಸಿರಕ್ಷರದಲ್ಲಿ ನಮ್ಮ ಹೋಬಳಿಗಳು ಮೂಡುವುದನ್ನು ನೋಡಲು ರೀವೈಂಡಿಂಗ್ ಅಂಗಡಿಯವರು ಒಳಗೆ ಬರುತ್ತಿದ್ದರು.

ಸುದ್ದಿ ಹರಡಿತು. ಅಲ್ಲಿ ಇಲ್ಲಿ ನಿಂತಿದ್ದ ಹಳೆಯ ಮೆಷಿನ್ನಿನವರು ಕೇಳಿಕೊಂಡು ಬಂದರು. ತುಮಕೂರಿನ ಅಂತರಸನಹಳ್ಳಿ ಕೈಗಾರಿಕಾ ಪ್ರದೇಶದಲ್ಲಿ ಒಂದು ಲೇತಿಗೆ 25 ಪಿನ್ನಿನ ಸಾಕೆಟ್ಟೇ ಇರಲಿಲ್ಲ, ಟೇಪ್ ರೀಡರ್ ಬಿಟ್ಟು ಒಳಹೋಗಲು ಬೇರೆ ದಾರಿಯೇ ಇಲ್ಲ. ಅಂಥದ್ದಕ್ಕೂ ಉಪಾಯ ಇದೆ. ರೀಡರಿನಿಂದ ಕಂಟ್ರೋಲಿಗೆ ಹೋಗುವ ತಂತಿಗಳ ಗಂಟನ್ನು ಬಿಚ್ಚಿ, ಅಲ್ಲಿಗೆ ಒಂದು ಸಣ್ಣ ಬೋರ್ಡು ಕೂರಿಸುತ್ತಾರೆ. ಎಂಟು ತಂತಿ ಎಂಟು ತೂತಿಗೆ, ಒಂಬತ್ತನೆಯದು ಎಳೆಯುವ ತೂತಿಗೆ, ಇನ್ನೆರಡು ಓಡು ಮತ್ತು ನಿಲ್ಲು ಎಂಬ ಆಜ್ಞೆಗೆ. ಬೋರ್ಡು ಕಂಪ್ಯೂಟರಿನಿಂದ ಅಕ್ಷರ ತೆಗೆದುಕೊಂಡು ಆ ತಂತಿಗಳಲ್ಲಿ ತೂತಿನಂತೆ ನುಡಿಸುತ್ತದೆ. ರೀಡರ್ ಸತ್ತು ಎಷ್ಟೋ ಕಾಲವಾದರೂ ಆ ಕಂಟ್ರೋಲು ಟೇಪು ಓದುತ್ತಲೇ ಇರುತ್ತದೆ.

ಇದೆಲ್ಲ ದೊಡ್ಡ ಸಂಶೋಧನೆ ಎಂದು ನಾನು ಹೇಳುತ್ತಿಲ್ಲ. ಲೋಕದ ಎಷ್ಟೋ ವರ್ಕ್‌ಶಾಪುಗಳಲ್ಲಿ ಎಷ್ಟೋ ಜನ ಇದನ್ನೇ ಮಾಡಿದ್ದಾರೆ. ನನ್ನನ್ನು ಕಾಡುವುದು ಬೇರೆ. ಈ ಪಿನ್ನುಗಳ ಲೆಕ್ಕ, ಹತ್ತು ಹದಿನಾರರ ಲೆಕ್ಕ, ಅರ್ತ್ ಗುಂಡಿಯ ಲೆಕ್ಕ, ಎಲ್ಲವೂ ನಿವೃತ್ತರಾದ ಒಬ್ಬೊಬ್ಬರ ಡೈರಿಯಲ್ಲಿತ್ತು. ಆ ಯಜಮಾನರು ತೀರಿಹೋದಾಗ ಅವರ ಡೈರಿಗಳು ಏನಾದವು ಎಂದು ಕೇಳಲು ನಾನು ಹೋಗುವಷ್ಟರಲ್ಲಿ ಮನೆ ಖಾಲಿಯಾಗಿತ್ತು. ಕಂಪನಿಯ ಕೈಪಿಡಿಗಳು ಇಂಗ್ಲಿಷಿನಲ್ಲಿವೆ, ಅವುಗಳ ಭಾಷೆ ಹೊನ್ನವಳ್ಳಿಯ ಹುಡುಗನಿಗೆ ಎಟುಕುವುದಿಲ್ಲ. ವಿಷಯ ಮಾತ್ರ ಪೂರ್ತಿ ಎಟುಕುತ್ತದೆ, ಅದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಾಯಿ ಸುಲಿಯುವ ಯಂತ್ರದಿಂದ ಹಿಡಿದು ನಾರಿನ ಮಿಲ್ಲಿನ ತನಕ ನಮ್ಮ ತಾಲ್ಲೂಕುಗಳಲ್ಲಿ ಇಷ್ಟು ಯಂತ್ರಗಳಿವೆ. ಅವನ್ನು ಓಡಿಸುವವರಿಗೆ ಅವರ ಮಾತಿನಲ್ಲಿ ಬರೆದ ಒಂದು ಪುಸ್ತಕ ಐಟಿಐಗಳ ಕಪಾಟಿನಲ್ಲಿ ಇರಬೇಕು ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತಲೇ ಬಂದಿದ್ದೇನೆ.

ಹಳೆಯ ಲೇತು ಹತ್ತು ವರ್ಷಕ್ಕೂ ಹೆಚ್ಚು ದುಡಿಯಿತು. ಸ್ಪಿಂಡಲ್ ಡ್ರೈವ್ ಸುಟ್ಟ ಮೇಲೆ, ಹೊಸ ಕಂಟ್ರೋಲು ಹಾಕಿಕೊಳ್ಳುತ್ತೇವೆ ಎಂದ ಪೀಣ್ಯದ ಒಬ್ಬರು ಅದನ್ನು ಕೊಂಡುಹೋದರು. ಅದರ ಎರಕದ ಬೆಡ್ಡು ಅಷ್ಟು ಚೆನ್ನಾಗಿತ್ತು. ಹುಡುಗ ಈಗ ಹುಳಿಯಾರು ಕಡೆ ಸ್ವಂತ ವರ್ಕ್‌ಶಾಪು ಮಾಡಿದ್ದಾನೆ. ಬೆಂಗಳೂರಿನಲ್ಲೇ ತಯಾರಾದ ಹೊಸ ಸಿಎನ್‌ಸಿ ಲೇತು, ಪ್ರೋಗ್ರಾಮು ಪೆನ್‌ಡ್ರೈವಿನಲ್ಲಿ ಹೋಗುತ್ತದೆ. ಆದರೂ ಅಲ್ಲಿ ಇಲ್ಲಿ 25 ಪಿನ್ನಿನ ಮೆಷಿನ್ನು ಉಳಿದಿರುವವರು ಅವನನ್ನೇ ಕರೆಯುತ್ತಾರೆ. ಈಗಿನ ಲ್ಯಾಪ್‌ಟಾಪಿನಲ್ಲಿ 9 ಪಿನ್ನಿನ ಸಾಕೆಟ್ ಇಲ್ಲ, ಯುಎಸ್‌ಬಿಯಿಂದ ಪರಿವರ್ತಕ ಹಾಕಬೇಕು. ಅದರೊಳಗಿನ ಬಫರು ಹದಿನಾರಕ್ಕಿಂತ ಎಷ್ಟೋ ದೊಡ್ಡದು, ಹಾಗಾಗಿ 087 ಮತ್ತೆ ಬರುತ್ತದೆ. ಅವನು ವೇಗವನ್ನು 1200ಕ್ಕೆ ಇಳಿಸಿ, ಕಂಟ್ರೋಲು "ಸಾಕು" ಎನ್ನುವ ಸಂದರ್ಭವೇ ಬಾರದಂತೆ ಕಳಿಸುತ್ತಾನೆ. ಬುಶ್ಶಿನ ಪ್ರೋಗ್ರಾಮಿಗೆ ಅಷ್ಟು ವೇಗ ಸಾಕು.

ಮಾವನ ಶೆಡ್ಡಿನ ಫೈಲುಗಳನ್ನು ಅವನು ಹಾಗೇ ಇಟ್ಟುಕೊಂಡಿದ್ದಾನೆ, ಹೊಸ ಮೆಷಿನ್ನಿನಲ್ಲೂ ಓಡಿಸುತ್ತಾನೆ. ಒಂದು ಬದಲಾವಣೆ ಮಾತ್ರ ಮಾಡಬೇಕು. ಹಳೆಯದರಲ್ಲಿ ಟೂಲು ಈಗ ಎಲ್ಲಿ ನಿಂತಿದೆ ಎಂದು ಜಿ50 ಸಾಲಿನಲ್ಲಿ ಎಕ್ಸ್, ಝಡ್ ಅಂಕಿ ಕೊಟ್ಟು ಹೇಳಬೇಕಿತ್ತು, ಬೆಳಿಗ್ಗೆ ಟೂಲನ್ನು ತಂದು ಅದೇ ಜಾಗದಲ್ಲಿ ನಿಲ್ಲಿಸಬೇಕಿತ್ತು. ಹೊಸದರಲ್ಲಿ ಟೂಲಿನ ಅಳತೆಯೆಲ್ಲ ಆಫ್‌ಸೆಟ್ ಪುಟದಲ್ಲಿರುತ್ತದೆ, ಆ ಸಾಲು ಬೇಡ. ಜಿ50ರ ಪಕ್ಕ ಎಸ್ ಬರೆದಿರುವ ಇನ್ನೊಂದು ಸಾಲು ಇರುತ್ತದೆ, ಅದನ್ನು ತೆಗೆಯಬಾರದು. ಅದು ಚಕ್ಕು ಎಷ್ಟು ಜೋರಾಗಿ ತಿರುಗಬಹುದು ಎಂಬ ಮಿತಿ, ಆ ಅರ್ಥ ಎರಡೂ ಮೆಷಿನ್ನಿಗೂ ಒಂದೇ.